ಯಂತ್ರ ಇತ್ತು, ಬಾಯಿ ಮುಚ್ಚಿಸಿದ್ದರು

ಅಪಘಾತದ ಸುದ್ದಿಗೆ ಹೋದಾಗ ನಮ್ಮಂಥ ಜಿಲ್ಲಾ ವರದಿಗಾರರು ಮೊದಲು ಕೇಳೋದು, "ಇತ್ತಾ?" ಎಂದು. ಎಫ್‌ಸಿ ಇತ್ತಾ, ಇನ್ಶೂರೆನ್ಸ್ ಇತ್ತಾ, ಸ್ಪೀಡ್ ಗವರ್ನರ್ ಇತ್ತಾ. ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು ಅಂತ ನಮಗೆ ಅನ್ನಿಸಿದ್ದು ದೂರದ ಅಲಾಸ್ಕಾದ ಸಣ್ಣ ವಿಮಾನಗಳ ಕಥೆ ಓದಿದಾಗ.

ಮೋಡ, ಮಂಜು ಕವಿದರೆ ಪೈಲಟ್‌ಗೆ ಎದುರಿನ ಗುಡ್ಡ ಕಾಣಲ್ಲ. ಎಂಜಿನ್ ಸರಿಯಾಗೇ ಇರುತ್ತೆ, ಆದರೂ ವಿಮಾನ ಹೋಗಿ ಗುಡ್ಡಕ್ಕೆ ಬಡಿಯುತ್ತೆ. 1974ರ ಡಿಸೆಂಬರ್ 1ರಂದು ಅಮೆರಿಕದ ವರ್ಜೀನಿಯಾದಲ್ಲಿ ಹೀಗೇ 92 ಜನ ಸತ್ತರು. ಆಮೇಲೆ ಅಲ್ಲಿನ ದೊಡ್ಡ ವಿಮಾನಗಳಿಗೆ, ನೆಲ ಹತ್ತಿರವಾದರೆ ಕೂಗಿ ಎಚ್ಚರಿಸುವ ಯಂತ್ರ ಕಡ್ಡಾಯವಾಯಿತು. ಹಳೇ ಯಂತ್ರಕ್ಕೆ ಕೆಳಗಿನ ನೆಲವಷ್ಟೇ ಗೊತ್ತಾಗುತ್ತಿತ್ತು. ಹೊಸದರೊಳಗೆ ಬೆಟ್ಟಗುಡ್ಡಗಳ ನಕ್ಷೆಯೇ ಇರುವುದರಿಂದ ಮುಂದೆ ಬರುವ ಗುಡ್ಡವನ್ನು ಮೊದಲೇ ಹೇಳುತ್ತೆ. 2005ರ ಮಾರ್ಚ್ ಹೊತ್ತಿಗೆ ಆರು ಅಥವಾ ಹೆಚ್ಚು ಪ್ರಯಾಣಿಕರ ಸೀಟಿರುವ ಟರ್ಬೈನ್ ವಿಮಾನಗಳಲ್ಲೆಲ್ಲ ಇದು ಇರಲೇಬೇಕು ಎಂದು ಅಮೆರಿಕ ನಿಯಮ ಮಾಡಿತು. ಬಾಡಿಗೆಗೆ ಹಾರುವ ಸಣ್ಣ ಕಂಪನಿಗಳಿಗೂ ಇದೇ ನಿಯಮ.

2015ರ ಜೂನ್ 25ರಂದು ಅಲಾಸ್ಕಾದ ಕೆಚಿಕನ್ ಹತ್ತಿರ ಪ್ರವಾಸಿಗರ ಸಣ್ಣ ವಿಮಾನ ಬೆಟ್ಟಕ್ಕೆ ಬಡಿದು ಪೈಲಟ್ ಸೇರಿ ಒಂಬತ್ತೂ ಜನ ಸತ್ತರು. ಅದರಲ್ಲಿ ಯಂತ್ರ ಇತ್ತು. ಆದರೆ ಅದರ ಎಚ್ಚರಿಕೆಯನ್ನು ಸ್ವಿಚ್ ಒತ್ತಿ ಬಂದ್ ಮಾಡಿದ್ದರು.

ಯಾಕೆ? ಅಲ್ಲಿ ಹಗಲಲ್ಲಿ, ಕಣ್ಣಿಗೆ ದಾರಿ ಕಾಣುವಾಗ ಇಂಥ ವಿಮಾನಗಳು ನೆಲದಿಂದ 500 ಅಡಿ ಎತ್ತರದಲ್ಲಿ ಹಾರಬಹುದು. ಅದು ಕಾನೂನೇ. ಯಂತ್ರವೋ, ನೆಲದಿಂದ 700 ಅಡಿ ಅಂತರ ಇಲ್ಲದಿದ್ದರೆ ಕೂಗುವ ಹಾಗೆ ತಯಾರಾದದ್ದು. ಸರಿಯಾಗಿ ಹಾರುತ್ತಿದ್ದರೂ ದಾರಿಯುದ್ದಕ್ಕೂ ಕಿರುಚಿದರೆ ಯಾರು ತಾನೇ ಸಹಿಸ್ತಾರೆ? ಬಂದ್ ಮಾಡಿಡುವುದೇ ರೂಢಿಯಾಯಿತು. ನಿಜವಾದ ಬೆಟ್ಟ ಬಂದಾಗ ಯಂತ್ರಕ್ಕೆ ಬಾಯಿ ಇರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಒಬ್ಬ ಸ್ಕೂಲ್ ವ್ಯಾನ್ ಡ್ರೈವರ್ ಸ್ಪೀಡ್ ಗವರ್ನರ್ ವೈರ್ ಕಿತ್ತಿದ್ದರು. ಕೇಳಿದ್ದಕ್ಕೆ, "ಓವರ್‌ಟೇಕ್ ಮಾಡೋವಾಗ ಗಾಡಿ ಎಳೆಯಲ್ಲ ಸಾರ್" ಅಂದರು. ಸುಳ್ಳೇನೂ ಹೇಳಲಿಲ್ಲ. ಆದರೆ ಹಿಂದೆ ಕೂತಿದ್ದ ಮಕ್ಕಳಿಗೆ ಆ ವೈರ್ ವಿಷಯ ಗೊತ್ತಿರಲಿಲ್ಲ.

ಯಂತ್ರ ಆನ್ ಇದ್ದರೂ ಕೇಳುವ ಕಿವಿ ಬೇಕು. 2010ರ ಮೇ 22ರಂದು ಮಂಗಳೂರಲ್ಲಿ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಹೋದರು. ಇಳಿಯುವಾಗ ಇಂಥದೇ ಯಂತ್ರ ಮತ್ತೆ ಮತ್ತೆ ಎಚ್ಚರಿಸಿತ್ತು, ಸಹ ಪೈಲಟ್ ಕೂಡ ಮೂರು ಸಲ ಹೇಳಿದ್ದರು ಎಂದು ತನಿಖೆ ದಾಖಲಿಸಿದೆ.

ಕೆಚಿಕನ್ ದುರಂತದ ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಪೈಲಟ್‌ಗಳನ್ನು ಬೈದು ಸುಮ್ಮನಾಗಲಿಲ್ಲ. ಕೆಳಗೆ ಹಾರುವವರಿಗೆ ಸುಮ್ಮಸುಮ್ಮನೆ ಕೂಗದೆ, ಅಪಾಯ ಬಂದಾಗ ಕೂಗುವಂಥ ವ್ಯವಸ್ಥೆ ಮಾಡಿ ಎಂದು ಸರ್ಕಾರಕ್ಕೆ ಶಿಫಾರಸು ಮಾಡಿತು. ನಮಗೆ ಹಿಡಿಸಿದ್ದು ಇದೇ. ಯಂತ್ರ ಹಾಕಿಸಿ ಎನ್ನುವ ನಿಯಮ, ಅದನ್ನು ದಿನಾ ಓಡಿಸುವವನ ಕಷ್ಟವನ್ನೂ ಒಂದು ಸಲ ಕೇಳಬೇಕು. ಇಲ್ಲದಿದ್ದರೆ ಕಾಗದದಲ್ಲಿ ಯಂತ್ರ ಇರುತ್ತೆ, ಜನರ ಜೀವಕ್ಕೆ ಕಾವಲು ಇರಲ್ಲ.