ಕಿಡಿಯ ಸದ್ದು, ಗೆಳೆಯರ ದನಿ

ಹವ್ಯಾಸಿ ಬಾನುಲಿ, ಅಂದರೆ ಹ್ಯಾಮ್ ರೇಡಿಯೋ, ನಮ್ಮಂಥ ನಿವೃತ್ತರಿಗೆ ಬಲು ಒಪ್ಪುವ ಹವ್ಯಾಸ. ಆದರೆ ಯಂತ್ರವನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರೆ, ಕಾರೂ ಒಂದು ಪ್ರಸಾರ ಕೇಂದ್ರವೆಂಬುದು ತಿಳಿಯುತ್ತದೆ. ಅದರ ಕಾರ್ಯಕ್ರಮ ಒಂದೇ, ಗದ್ದಲ.

ಭಾನುವಾರ ಬೆಳಿಗ್ಗೆ 7 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕಾರವಾರದ ನನ್ನ ಹಳೆಯ ಗೆಳೆಯರೊಬ್ಬರು ಮಾತಿಗೆ ಬರುತ್ತಾರೆ. ಅವರೇ ಕಟ್ಟಿದ ಪ್ರೇಷಕದ ಶಕ್ತಿ ಕೇವಲ 5 ವ್ಯಾಟ್. ಎದೆಯ ಶಸ್ತ್ರಚಿಕಿತ್ಸೆಯ ಬಳಿಕ ಅವರ ದನಿಯೂ ಸೋತಿದೆ. ತುಮಕೂರಿನ ಮನೆಯಲ್ಲಿದ್ದರೆ ತಾರಸಿಯ ಮೇಲಿನ ಉದ್ದನೆಯ ತಂತಿ ಆ ದನಿಯನ್ನು ಹಿಡಿದುಕೊಡುತ್ತದೆ. ತಿಂಗಳಿಗೊಮ್ಮೆ ಮಾತ್ರ ಆ ಹೊತ್ತಿಗೆ ನಾನು ಉಡುಪಿಯ ಮಗಳ ಮನೆಯ ದಾರಿಯಲ್ಲಿರುತ್ತೇನೆ. (ಕಾರು ಓಡಿಸುವವನು ಮಗ. ಚಾಲಕನೇ ರೇಡಿಯೋ ಗುಂಡಿ ತಿರುಗಿಸುವುದು ನನಗೆ ಸಮ್ಮತವಲ್ಲ.) ಈ ತರಂಗಕ್ಕೆ ಸುಮಾರು 10 ಮೀಟರ್ ಎತ್ತರದ ಕಂಬ ಸಲ್ಲಬೇಕಾದಲ್ಲಿ ಕಾರಿನ ಮೇಲಿರುವುದು ಎರಡೂವರೆ ಮೀಟರಿನ ಕಡ್ಡಿ. ಹಿಡಿಯುವುದೇ ಅಲ್ಪ, ಆ ಅಲ್ಪವನ್ನೂ ಎಂಜಿನ್ನಿನ ಗದ್ದಲ ನುಂಗಿಬಿಟ್ಟರೆ?

ನಮ್ಮದು ಮೂರು ಸಿಲಿಂಡರಿನ ಹಳೆಯ ಪೆಟ್ರೋಲ್ ಕಾರು. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 75 ಕಿಡಿಗಳು ಹಾರುತ್ತವೆ. ಒಂದೊಂದು ಕಿಡಿಯೂ ಎಲ್ಲ ಪಟ್ಟಿಗಳಲ್ಲಿ ಏಕಕಾಲಕ್ಕೆ ಚೀರುವ ಪ್ರೇಷಕವೇ. ಇದರಲ್ಲಿ ಒಂದು ವಿಚಿತ್ರವಿದೆ. 1887ರಲ್ಲಿ ಹರ್ಟ್ಸ್ ಮಹಾಶಯರು ರೇಡಿಯೋ ತರಂಗಗಳನ್ನು ಕಂಡದ್ದು ಇಂಥ ಕಿಡಿಯಿಂದಲೇ. 1912ರಲ್ಲಿ ಟೈಟಾನಿಕ್ ಹಡಗು ಸಹಾಯಕ್ಕಾಗಿ ಕೂಗಿದ್ದೂ ಕಿಡಿಯ ಪ್ರೇಷಕದಿಂದಲೇ. ಹೆತ್ತ ತಾಯಿಯೇ ಈಗ ಮಗುವಿನ ಮಾತಿಗೆ ಅಡ್ಡ ಬರುತ್ತಿದ್ದಾಳೆ!

ಪರಿಚಿತ ಮೆಕ್ಯಾನಿಕರೊಬ್ಬರನ್ನು ಕೇಳಿದೆ. "ಎಂಜಿನ್ ಆಫ್ ಮಾಡಿ ಸಾರ್, ಸದ್ದೇ ಇರಲ್ಲ" ಎಂದರು. ನಕ್ಕೆವಾದರೂ ಮಾತು ಸುಳ್ಳಲ್ಲ. ಆದರೆ 2001ರ ಭುಜ್ ಭೂಕಂಪದಂಥ ಸಂದರ್ಭಗಳಲ್ಲಿ ಹವ್ಯಾಸಿಗಳು ಸಂದೇಶ ಒಯ್ದದ್ದನ್ನು ಬಲ್ಲವರಿಗೆ, ಓಡುವ ಗಾಡಿಯಲ್ಲೂ ಕಿವಿ ತೆರೆದಿರಬೇಕಾದ ಅಗತ್ಯ ತಿಳಿದೇ ಇದೆ.

ಮದ್ದಿಗಿಂತ ಮೊದಲು ರೋಗವನ್ನು ಗುರುತಿಸಬೇಕಷ್ಟೆ. ಅದಕ್ಕೆ ಕಿವಿಯೇ ಉಪಕರಣ. ಒಗ್ಗರಣೆ ಸಿಡಿದಂತೆ ಚಟಪಟ ಎಂದು, ವೇಗ ಹೆಚ್ಚಿದಂತೆ ತಾಳ ಬಿರುಸಾದರೆ ಅದು ಕಿಡಿಯ ಸದ್ದು. ತಂಬೂರಿಯ ಶ್ರುತಿ ಏರಿದಂತೆ 'ಗುಂಯ್' ಎಂದು ಮೇಲೇರಿದರೆ ಅದು ಆಲ್ಟರ್ನೇಟರ್. ಅದರ ಡಯೋಡುಗಳು ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಸುವಾಗ ಉಳಿದುಹೋಗುವ ಅಲೆ. ಆಂಟೆನಾ ತಂತಿಯನ್ನು ಕಳಚಿ ನೋಡಿದೆ. ಚಟಪಟ ನಿಂತಿತು, ಗುಂಯ್ ನಿಲ್ಲಲಿಲ್ಲ. ಮೊದಲನೆಯದು ಗಾಳಿಯಲ್ಲಿ ಬರುತ್ತಿದೆ, ಎರಡನೆಯದು ವಿದ್ಯುತ್ ತಂತಿಯಲ್ಲಿ ಎಂದು ಸ್ಪಷ್ಟವಾಯಿತು.

ಎರಡನೆಯದು ಸುಲಭದಲ್ಲಿ ಸೋತಿತು. ರೇಡಿಯೋಗೆ ಬ್ಯಾಟರಿಯಿಂದಲೇ ನೇರವಾಗಿ ದಪ್ಪ ತಂತಿ ಎಳೆದು, ಎರಡೂ ಎಳೆಗಳಿಗೆ ಬ್ಯಾಟರಿಯ ಬಳಿಯೇ ಫ್ಯೂಸ್ ಹಾಕಿಸಿದೆ. ಬ್ಯಾಟರಿ ದೊಡ್ಡ ಕೆರೆಯಿದ್ದಂತೆ. ಅಲೆಗಳನ್ನು ತಾನೇ ನುಂಗಿಕೊಳ್ಳುತ್ತದೆ.

ಕಿಡಿಯದು ಹಟಮಾರಿ ಕೂಸು. ಸುಮಾರು 5 ಸಾವಿರ ಓಮ್ ರೋಧಕವಿರುವ ಸ್ಪಾರ್ಕ್ ಪ್ಲಗ್ಗುಗಳನ್ನು ಹಾಕಿಸಿದಾಗ ಅರ್ಧ ಇಳಿಯಿತು. ಉಳಿದರ್ಧದ ಮೂಲ ಎಲ್ಲಿತ್ತು ಗೊತ್ತೇ? ಬಾನೆಟ್ಟಿನಲ್ಲಿ! ಬಣ್ಣ, ತುಕ್ಕು ಹಿಡಿದ ಕೀಲುಗಳ ಮೇಲೆ ಕುಳಿತ ಆ ತಗಡಿಗೂ ಕಾರಿನ ಮೈಗೂ ಸರಿಯಾದ ಸಂಪರ್ಕವಿರಲಿಲ್ಲ. ರಬ್ಬರಿನಲ್ಲಿ ತೂಗುತ್ತಿದ್ದ ಹೊಗೆಕೊಳವೆಯದೂ ಅದೇ ಕತೆ. ಇಂಥ ಬಿಡಿ ಲೋಹಗಳು ಎಂಜಿನ್ನಿನ ಗದ್ದಲವನ್ನು ಎರವಲು ಪಡೆದು ಸುತ್ತಲೂ ಹಂಚುತ್ತವೆ. ಹೆಣೆದ ತಾಮ್ರದ ಪಟ್ಟಿಗಳಿಂದ, ಬಣ್ಣ ಕೆರೆದ ಜಾಗದಲ್ಲಿ, ಅವನ್ನು ಕಾರಿನ ಮೈಗೆ ಬಿಗಿಸಿದೆವು. ಸಂಕೇತಮಾಪಕದ ಮುಳ್ಳು 7ರಿಂದ 3ಕ್ಕಿಳಿಯಿತು. ಒಂದು ಮನೆಗೆ 6 ಡೆಸಿಬೆಲ್‌ನಂತೆ ಲೆಕ್ಕ ಹಾಕಿದರೆ ಗದ್ದಲದ ಶಕ್ತಿ ಸುಮಾರು 250 ಪಟ್ಟು ಕಡಿಮೆ.

ಅನಂತರದ ಭಾನುವಾರ ತರೀಕೆರೆ ದಾಟುತ್ತಿದ್ದಾಗ ಕಾರವಾರದ ದನಿ ಬಂತು. ಮೊದಲು ಮಾತು, ಆಮೇಲೆ ಉಸಿರೆಳೆದುಕೊಳ್ಳುವ ಸಣ್ಣ ವಿರಾಮ. ಆ ವಿರಾಮವೂ ಕೇಳಿಸಿತು. ಮಗ ಏನೂ ಹೇಳದೆ ಗಾಜು ಏರಿಸಿದ.

ಇನ್ನು ಉಳಿದಿರುವುದು ವೈಪರಿನ ಮೋಟಾರು. ಮಳೆಗಾಲದೊಳಗೆ ಅದರ ತಂತಿಗೂ ಫೆರೈಟ್ ಉಂಗುರ ತೊಡಿಸಬೇಕು. ಆಗುಂಬೆ ಘಾಟಿಯ ಮಳೆಯಲ್ಲಿ ವೈಪರ್ ನಿಲ್ಲಿಸೆಂದರೆ ಮಗ ಒಪ್ಪುವುದಿಲ್ಲ.