ಗಜದ ಮೇಲಿನ ಗೆರೆ

ರಾತ್ರಿ ಹನ್ನೊಂದೂವರೆಗೆ ಅವ್ವನ ಫೋನು. ನಾನು ಮಹಾಪೆಯ ಮಿಲೇನಿಯಂ ಬಿಸಿನೆಸ್ ಪಾರ್ಕಿನ ಆಫೀಸಿನಲ್ಲಿ ಯಾವುದೋ ದೇಶದವರ ಸರ್ವರ್ ಕಾಯುತ್ತಾ ಕೂತಿದ್ದೆ. ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಯಿಂದ ಆ ಹೊತ್ತಿಗೆ ಫೋನ್ ಬಂತೆಂದರೆ ಯಾರೋ ಹೋದರು ಎಂದೇ ಲೆಕ್ಕ.

"ನಿಮ್ಮಪ್ಪಯ್ಯ ಕೋವಿ ತುಂಬಿಟ್ಟಿದಾರೆ ಕಣಾ. ಸಂಜೆ ಒಂದ್ಸಲ ತುಂಬಿದ್ದು ನಾನೇ ನೋಡಿದೀನಿ. ಈಗ ಮತ್ತೆ ಡಬ್ಬಿ ತೆಗೆದು ಕೂತಿದ್ರು. ಕೇಳಿದ್ರೆ ತುಂಬೇ ಇಲ್ಲ ಅಂತಾರೆ."

ಅಪ್ಪಯ್ಯನ ನೆನಪು ಎರಡು ವರ್ಷದಿಂದ ಜಾರುತ್ತಿತ್ತು. ಸ್ಕೂಟರಿನ ಕೀ ಅಡಗಿಸಿದ್ದೆವು, ಅಡಿಕೆ ದುಡ್ಡು ಬೀರುವಿಗೆ ಹಾಕಿ ಬೀಗ ಜಡಿದಿದ್ದೆವು. ನಾನು ಹುಟ್ಟುವ ಮೊದಲಿನಿಂದ ಗೋಡೆಯ ಮೇಲಿದ್ದ ಕೋವಿ ಮಾತ್ರ ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ.

ಊರು ಬಿಟ್ಟೇ ಬೆಳೆದವರಿಗೆ ಒಂದು ಮಾತು. ಇದು ಸಿನಿಮಾದ ಬಂದೂಕಲ್ಲ. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಒಂಟಿ ನಳಿಗೆಯ ಕೇಪಿನ ಕೋವಿ. ಇದಕ್ಕೆ ತೋಟಾ ಇಲ್ಲ. ಪ್ರತಿ ಈಡನ್ನೂ ಮನೆಯಲ್ಲಿ ಇದ್ದದ್ದರಲ್ಲೇ ನಳಿಗೆಯ ಬಾಯಿಂದ ತುಂಬಬೇಕು: ಮಸಿ, ಅದರ ಮೇಲೆ ತೆಂಗಿನ ಕತ್ತ, ಚರೆ, ಮತ್ತೆ ಕತ್ತ. ಗಜದಿಂದ ಜಡಿದು, ಹೊಡೆಯುವ ಮುಂಚೆ ಹಿಂದುಗಡೆ ಕೇಪು. ನಮ್ಮಲ್ಲಿ ಹಂದಿ ಓಡಿಸಲು ಚರೆಯಿಲ್ಲದೆ ಬರೀ ಮಸಿಯ ಸದ್ದೇ ಹೆಚ್ಚು. ಮಸಿ ಅಳೆಯಲು ಅಜ್ಜನ ಕಾಲದ ಬಿದಿರಿನ ಅಂಡೆಯೊಂದಿತ್ತು.

ತೊಂದರೆಯೆಂದರೆ, ತುಂಬಿದ ಕೋವಿಗೂ ಖಾಲಿ ಕೋವಿಗೂ ಹೊರಗಿನಿಂದ ಏನೂ ವ್ಯತ್ಯಾಸವಿಲ್ಲ. ಅದಕ್ಕೇ ಅಪ್ಪಯ್ಯ ಗಜದ ಮೇಲೆ ಚಾಕುವಿನಿಂದ ಒಂದು ಗೆರೆ ಕೊರೆದಿದ್ದರು. ಖಾಲಿಯಿದ್ದರೆ ಗಜ ಗೆರೆಯವರೆಗೆ ಇಳಿಯುತ್ತದೆ. ತುಂಬಿದ್ದರೆ ಗೆರೆ ನಾಲ್ಕು ಬೆರಳು ಮೇಲೆ ನಿಲ್ಲುತ್ತದೆ. ತುಂಬಿದ್ದರ ಮೇಲೆ ತುಂಬಿ ಹೊಡೆದರೆ ನಳಿಗೆಯೇ ಸಿಡಿಯಬಹುದು. ಆಮೇಲೆ ಕೈಯೋ ಕಣ್ಣೋ. ಹತ್ತನೇ ಕ್ಲಾಸಿನಲ್ಲಿ ಗಜ ಬಿಟ್ಟು ನೋಡದೆ ತುಂಬಲು ಹೋಗಿ ಕೆನ್ನೆಗೊಂದು ತಿಂದಿದ್ದೆ. ಅಪ್ಪಯ್ಯ ನನಗೆ ಹೊಡೆದದ್ದು ಅದೊಂದೇ ಸಲ.

"ಅವ್ವಾ, ಮೊದಲು ಹಿಂದುಗಡೆ ತಾಮ್ರದ ಸಣ್ಣ ಟೋಪಿ ಇದೆಯಾ ನೋಡು."

"ಇಲ್ಲ."

"ಗೋಡೆಗೆ ಒರಗಿಸು. ನಳಿಗೆ ಬಾಯಿಗೆ ಮುಖ ತರಬೇಡ. ಪಕ್ಕದಲ್ಲಿ ನಿಂತು ಮೆಲ್ಲಗೆ ಗಜ ಬಿಡು. ಗೆರೆ ಎಷ್ಟು ಮೇಲಿದೆ?"

ಏಸಿಯ ಸದ್ದು ಬಿಟ್ಟರೆ ನನ್ನ ಸುತ್ತ ಏನೂ ಇಲ್ಲ. ಪಕ್ಕದ ಸೀಟಿನವನು ಏನಾಯ್ತೆಂದು ಕೈಸನ್ನೆಯಲ್ಲಿ ಕೇಳಿದ. 'ಘರ್ ಕಾ ಕಾಮ್' ಅಂದೆ.

"ಎಂಟು ಬೆರಳು. ಒಂಬತ್ತೂ ಇರಬೋದು."

"ನೀರು ಹುಯ್ಯಿ. ನಳಿಗೆ ತುಂಬ."

"ಕೋವಿಗೆ ನೀರಾ? ಎದ್ರೆ ನನ್ನ ಕೊಂದೇ ಹಾಕ್ತಾರೆ."

ಬಚ್ಚಲ ಹಂಡೆಯಿಂದ ಚೊಂಬಿನಲ್ಲಿ ತಂದು ಹುಯ್ದಳು. ನೆಂದ ಮಸಿಗೆ ಬೆಂಕಿ ಹಿಡಿಯುವುದಿಲ್ಲ. ಅಷ್ಟು ಗೊತ್ತಿದ್ದರೂ ಬೆಳಿಗ್ಗೆ ಕೋಪರ್‌ಖೈರಣೆಯ ರೂಮಿಗೆ ಬಂದು ಮಲಗಿದರೆ ನಿದ್ದೆ ಬರಲಿಲ್ಲ.

ಟೆಕ್ಸಾಸ್‌ನಲ್ಲಿರುವ ಚಿಕ್ಕಪ್ಪನ ಮಗನಿಗೆ ಇದನ್ನೆಲ್ಲ ಹೇಳಿದೆ. ಅವನು ಗ್ಯಾರೇಜಿನಲ್ಲಿ ತನ್ನ ರೈಫಲ್ಲಿನ ತೋಟಾಗಳನ್ನು ತಾನೇ ತುಂಬಿಕೊಳ್ಳುತ್ತಾನೆ. 2020ರಲ್ಲಿ ಅಲ್ಲಿನ ಅಂಗಡಿಗಳಲ್ಲಿ ಪ್ರೈಮರ್ ಸಿಗದಾದಾಗ ಮನೆಯಲ್ಲಿದ್ದದ್ದನ್ನೇ ಎಣಿಸಿಕೊಂಡು ಕೂತವನು. ಹಿತ್ತಾಳೆಯ ಹಳೇ ತೋಟಾ, ಪ್ರೈಮರ್, ಮದ್ದು, ಗುಂಡು, ಗ್ರೇನ್ ಲೆಕ್ಕದಲ್ಲಿ ತೂಗುವ ತಕ್ಕಡಿ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ನಾನು ನಗಬೇಕೆಂದಿದ್ದೆ, ಅವನು ಬಿಡಲಿಲ್ಲ. "ಮದ್ದಿನ ಡಬ್ಬಿಯ ಚೀಟಿ ಹೋಗಿದ್ರೆ ನಾನು ಅದನ್ನ ಮುಟ್ಟಲ್ಲ ಮಾರಾಯ, ಎಷ್ಟೇ ದುಡ್ಡು ಕೊಟ್ಟಿದ್ರೂ. ಹೊಗೆಯಿಲ್ಲದ ಮದ್ದನ್ನ ನಿಮ್ಮ ಮಸಿ ಕೋವಿಗೆ ಹಾಕಿದ್ರೆ ಒಂದೇ ಈಡಿಗೂ ನಳಿಗೆ ಒಡೀಬೋದು. ನಿಮ್ಮನೇಲಿ ಎಷ್ಟು ಡಬ್ಬಿ ಇದೆ?"

ಅವ್ವನನ್ನು ಕೇಳಿದೆ. ಎರಡು. ಒಂದು ಹಾರ್ಲಿಕ್ಸ್ ಬಾಟಲಿ, ಒಂದು ತಗಡಿನ ಡಬ್ಬಿ. "ಎರಡೂ ಕಪ್ಪಗೇ ಇದೆ."

ಯಾವುದರಲ್ಲಿ ಏನಿದೆ ಎಂದು ಒಬ್ಬರಿಗೆ ಗೊತ್ತಿತ್ತು. ಅವರನ್ನು ಕೇಳಿದರೆ ಒಂದು ದಿನ ಇದು ಎನ್ನುತ್ತಿದ್ದರು, ಮರುದಿನ ಅದು.

ಪನ್ವೇಲಿನಲ್ಲಿ ಮತ್ಸ್ಯಗಂಧ ಹತ್ತಿ, ಉಡುಪಿಯಲ್ಲಿಳಿದು, ಆಗುಂಬೆ ಘಾಟಿಯ ಬಸ್ಸಿನಲ್ಲಿ ಊರು ಸೇರಿದೆ. ಕೋವಿ ರಿಪೇರಿ ಗೊತ್ತಿದ್ದವರನ್ನು ಕರೆಸಿ ಈಡು ತೆಗೆಸಿದ್ದಾಯಿತು. ಒದ್ದೆ ಕತ್ತ, ಮಸಿ, ಚರೆ. ಮತ್ತೆ ಕತ್ತ, ಮಸಿ, ಚರೆ. ಎರಡು ಡಬ್ಬಿಗಳನ್ನೂ ಅವರ ಕೈಗೇ ಒಪ್ಪಿಸಿದೆ. ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೋ ಎಂದು ಒಂದಿಬ್ಬರು ಹೇಳಿದರು. ಬೆಳೆ ಕಾಯಲು ಕೊಟ್ಟ ಲೈಸೆನ್ಸು. ಮಹಾಪೆಯಲ್ಲಿ ನಾನು ಕಾಯುವ ಬೆಳೆ ಯಾವುದು?

ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸುವುದು ನಮ್ಮ ಕಡೆ ಹಳೇ ರೂಢಿ. ಅಪ್ಪಯ್ಯನಿಗೆ ಹಾಗೇ ಹೇಳಿದೆವು.

"ಯಾವ ಚುನಾವಣೆಯೋ?"

"ಪಂಚಾಯ್ತೀದು ಅಪ್ಪಯ್ಯ."

ನನ್ನ ಮುಖವನ್ನು ಒಂದಷ್ಟು ಹೊತ್ತು ನೋಡಿದರು. ಆಮೇಲೆ ಕೋವಿ ಇಸಿದುಕೊಂಡು, ಗೋಡೆಗೆ ಒರಗಿಸಿ, ಪಕ್ಕಕ್ಕೆ ಸರಿದು ನಿಂತು ಗಜ ಬಿಟ್ಟರು. ಗೆರೆಯ ಮೇಲೆ ಹೆಬ್ಬೆರಳಿಟ್ಟು ನೋಡಿದರು.

"ಖಾಲಿ," ಅಂದರು. "ತಗೊಂಡು ಹೋಗು."