ಅಜ್ಜಿಗೆ ಎಷ್ಟು ಬಿತ್ತು?

ಮೊದಲೇ ಹೇಳಿಬಿಡ್ತೀವಿ. ನಾವಿಬ್ಬರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಸೆಕೆಂಡ್ ಲ್ಯಾಂಗ್ವೇಜ್ ಆಗಿ ಹತ್ತನೇ ಕ್ಲಾಸ್‌ವರೆಗೆ ಇತ್ತು. ಆಮೇಲೆ ಕನ್ನಡ ಬರೆದಿದ್ದೆಲ್ಲಾ ವಾಟ್ಸಾಪ್‌ನಲ್ಲಿ, ಅದೂ ಇಂಗ್ಲಿಷ್ ಅಕ್ಷರದಲ್ಲಿ. ಈ ಲೇಖನವನ್ನು ಒಬ್ಬ ಹೇಳಿದ, ಇನ್ನೊಬ್ಬ ಟೈಪ್ ಮಾಡಿದ. ತಪ್ಪು ಕಂಡರೆ ಇಬ್ಬರನ್ನೂ ಬೈಯಿರಿ.

ಗೇಮ್ ಮಾಡಬೇಕು ಅನ್ನೋ ಹುಚ್ಚು ಹಿಡಿದಿದ್ದು ಫಸ್ಟ್ ಇಯರ್ ಹಾಸ್ಟೆಲ್‌ನಲ್ಲಿ. ನಿಮ್ಮೆಲ್ಲರ ಹಾಗೆ ನಮ್ಮ ಮೊದಲ ಐಡಿಯಾ ಕೂಡ ಬೆಂಗಳೂರಿನಲ್ಲಿ ನಡೆಯೋ ಜಿಟಿಎ. ಮೆಜೆಸ್ಟಿಕ್‌ನಿಂದ ಬಸ್ ಕದ್ದು ಓಡಿಸೋದು, ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಹಾಕ್ಕೊಳ್ಳೋದು, ಪೊಲೀಸರೂ ಅದೇ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಳ್ಳೋದು. ಕಥೆ ಪಕ್ಕಾ ಇತ್ತು. ಯೂನಿಟಿ ಹಾಕಿಕೊಂಡು ಒಂದು ವಾರ ಕೂತೆವು. ಕೊನೆಗೆ ಕೈಗೆ ಬಂದಿದ್ದು ಒಂದು ಬೂದು ಬಣ್ಣದ ಡಬ್ಬ. ಪ್ಲೇ ಒತ್ತಿದ ತಕ್ಷಣ ಅದು ನೆಲ ತೂರಿಕೊಂಡು ಪಾತಾಳಕ್ಕೆ ಹೋಗ್ತಿತ್ತು, ಯಾಕೆಂದರೆ ನೆಲಕ್ಕೆ ಕೊಲೈಡರ್ ಹಾಕೋದನ್ನು ನಾವು ಮರೆತಿದ್ದೆವು. ನಮ್ಮ ಲ್ಯಾಪ್‌ಟಾಪ್‌ಗೆ 4 ಜಿಬಿ ರ‍್ಯಾಮ್. ಪ್ರಾಜೆಕ್ಟ್ ಓಪನ್ ಮಾಡಿ ಮೆಸ್‌ಗೆ ಹೋಗಿ ಊಟ ಮುಗಿಸಿ ಬಂದರೂ ಅದು ಲೋಡ್ ಆಗ್ತಾನೇ ಇರ್ತಿತ್ತು.

ಆಮೇಲೆ ಸಿಕ್ಕಿದ್ದು ಗೋಡೋ. ಅರ್ಜೆಂಟೀನಾದ ಇಬ್ಬರು ಶುರು ಮಾಡಿದ ಎಂಜಿನ್. 2014ರಿಂದ ಓಪನ್ ಸೋರ್ಸ್. ಡೌನ್‌ಲೋಡ್ ಚಿಕ್ಕದು, ಇನ್‌ಸ್ಟಾಲ್ ಕೂಡ ಮಾಡಬೇಕಾಗಿಲ್ಲ, ಭಾಷೆ ನೋಡೋಕೆ ಹೆಚ್ಚುಕಮ್ಮಿ ಪೈಥಾನ್. ನಮ್ಮಂಥ ಬಡ ಲ್ಯಾಪ್‌ಟಾಪಿಗರಿಗೆ ಹೇಳಿ ಮಾಡಿಸಿದ್ದು. ಸ್ಟಾರ್‌ಡ್ಯೂ ವ್ಯಾಲಿಯನ್ನು ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕಿಂತ ಹೆಚ್ಚು ಕೂತು ಮಾಡಿ 2016ರಲ್ಲಿ ಹೊರಗೆ ಬಿಟ್ಟ ಅಂತ ಓದಿ, ನಾವು ಇಬ್ಬರಿದ್ದೀವಲ್ಲ, ಎರಡು ವರ್ಷ ಸಾಕು ಅಂತ ಲೆಕ್ಕ ಹಾಕಿದೆವು. ಎಂಜಿನಿಯರಿಂಗ್ ಬುದ್ಧಿ.

ಇಷ್ಟರಲ್ಲಿ ಅಜ್ಜಿ ವಿಷಯ ಬಂತು. ನಮ್ಮಿಬ್ಬರಲ್ಲಿ ಯಾರ ಅಜ್ಜಿ ಅಂತ ಕೇಳಬೇಡಿ, ಈಗ ಇಬ್ಬರಿಗೂ ಅಜ್ಜಿನೇ. ತಿಪಟೂರಿನ ಹತ್ತಿರ ಊರು. ಮಂಡಿ ಆಪರೇಷನ್ ಆದಮೇಲೆ ನೆಲದ ಮೇಲೆ ಕೂರೋ ಹಾಗಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ದಿನಾ ಸಂಜೆ ಅವರ ಜೊತೆ ಜಗಲಿ ಮೇಲೆ ಚೌಕಾಬಾರ ಆಡ್ತಿದ್ದ ಪಕ್ಕದ್ಮನೆ ಅಜ್ಜಿ ಪುಣೆಗೆ ಮಗಳ ಮನೆಗೆ ಹೋಗಿಬಿಟ್ಟರು. ವಾಪಸ್ ಬರೋ ಥರ ಕಾಣಲಿಲ್ಲ. ರಜಕ್ಕೆ ಹೋದಾಗ ನೋಡಿದರೆ, ಸಂಜೆ ಐದೂವರೆಗೆ ಅಜ್ಜಿ ಮಂಚದ ಮೇಲೆ ಸುಮ್ಮನೆ ಕೂತಿದ್ದರು. ಟಿವಿನೂ ಹಾಕಿರಲಿಲ್ಲ. ಜಿಟಿಎ ಪಕ್ಕಕ್ಕಿಟ್ಟು ಚೌಕಾಬಾರ ಮಾಡೋಣ ಅಂತ ವಾಪಸ್ ಬರೋ ಬಸ್ಸಿನಲ್ಲೇ ತೀರ್ಮಾನವಾಯ್ತು.

ಆಡದೇ ಇರೋರಿಗೆ: ಐದಕ್ಕೆ ಐದರ ಮನೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ನಾಲ್ಕು ಕವಡೆ. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳತ್ತೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಮೇಲಾದರೆ ನಾಲ್ಕು, ಅದು ಚೌಕ. ನಾಲ್ಕೂ ಬೋರಲು ಬಿದ್ದರೆ ಎಂಟು, ಅದು ಬಾರ. ಇವೆರಡು ಬಿದ್ದರೆ ಇನ್ನೊಂದು ಸಲ ಹಾಕಬಹುದು. ಹೊರಗಿನ 16 ಮನೆ ಸುತ್ತಿ, ಒಳಗಿನ 8 ಮನೆಯನ್ನು ಉಲ್ಟಾ ಸುತ್ತಿ, ನಡುವಿನ ಮನೆ ಸೇರಿದರೆ ಕಾಯಿ ಹಣ್ಣಾಯ್ತು. ಮಿಕ್ಕ ರೂಲ್ಸ್ ಒಂದೊಂದು ಮನೆಯಲ್ಲಿ ಒಂದೊಂದು ಥರ. ನಾವು ಅಜ್ಜಿ ಮನೆ ರೂಲ್ಸ್ ಹಾಕಿದ್ದೀವಿ, ಯಾರೂ ಕ್ಯಾತೆ ತೆಗೀಬೇಡಿ.

ಮೊದಲ ವರ್ಷನ್ ಮೂರು ವಾರದಲ್ಲಿ ರೆಡಿ. ಕಂಪ್ಯೂಟರ್ ವಿರುದ್ಧ ಆಡೋದು. ಅಜ್ಜಿ ಫೋನಿಗೆ ಹಾಕಿಕೊಟ್ಟು ಬಂದೆವು. ನಾಲ್ಕನೇ ದಿನ ಫೋನ್ ಬಂತು.

“ನಿಮ್ಮ ಕವಡೆ ನಂಗೆ ಬಾಯಿಪಾಠ ಆಯ್ತು ಕಣೋ. ಮೊದಲು ಎರಡು, ಆಮೇಲೆ ಮೂರು, ಆಮೇಲೆ ಬಾರ. ದಿನಾ ಅದೇ ಬೀಳತ್ತೆ.”

ಸುಳ್ಳು ಅಂದುಕೊಂಡೆವು. ನೋಡಿದರೆ ನಿಜ! ಆಗ ನಾವಿದ್ದಿದ್ದು ಗೋಡೋ 3ರಲ್ಲಿ. ಅದರಲ್ಲಿ ರ‍್ಯಾಂಡಮೈಸ್ ಅನ್ನೋ ಫಂಕ್ಷನ್ ಕರೆಯದೇ ಇದ್ದರೆ ಪ್ರತಿ ಸಲ ಗೇಮ್ ತೆರೆದಾಗಲೂ ರ‍್ಯಾಂಡಮ್ ನಂಬರ್‌ಗಳು ಅದೇ ಸಾಲಿನಲ್ಲಿ ಬರ್ತವೆ. ಟೆಸ್ಟಿಂಗ್ ಅಂತ ನಾವು ಅದನ್ನು ನೂರಾರು ಸಲ ತೆರೆದಿದ್ದೆವು, ಇಬ್ಬರಿಗೂ ಹೊಳೆದಿರಲಿಲ್ಲ.

ಎರಡನೇ ಕಂಪ್ಲೇಂಟ್ ಅಕ್ಷರದ್ದು. ಬಟನ್ ಎಲ್ಲಾ ಇಂಗ್ಲಿಷ್‌ನಲ್ಲಿದ್ದವು, ಅಜ್ಜಿಗೆ ಇಂಗ್ಲಿಷ್ ಬರಲ್ಲ. ಯಾಕೆ ಹಾಗೆ ಮಾಡಿದಿರಿ ಅಂತ ಕೇಳಿದರೆ ನಮ್ಮ ಹತ್ತಿರ ಉತ್ತರ ಇಲ್ಲ, ಬೇರೆ ಥರ ಇರಬಹುದು ಅಂತ ತಲೆಗೇ ಬಂದಿರಲಿಲ್ಲ. ಸರಿ ಅಂತ ಕನ್ನಡ ಫಾಂಟ್ ಹಾಕಿ “ಅಜ್ಜಿ” ಅಂತ ಟೈಪ್ ಮಾಡಿದರೆ ಸ್ಕ್ರೀನ್ ಮೇಲೆ ಒತ್ತಕ್ಷರ ಕಿತ್ತು ಬಂದು ಪಕ್ಕದಲ್ಲಿ ಕೂತಿತ್ತು, ಗುಣಿಸು ಇನ್ನೆಲ್ಲೋ ನೇತಾಡ್ತಿತ್ತು. ನಮ್ಮ ಕಣ್ಣಿಗೆ ಅಜ್ಜಿ ಅಂದರೆ ಎರಡಕ್ಷರ. ಕಂಪ್ಯೂಟರ್‌ಗೆ ಅದು ಐದು: ಅ, ಜ, ಒಂದು ಹಲಂತದ ಚಿಹ್ನೆ, ಇನ್ನೊಂದು ಜ, ಕೊನೆಗೆ ಗುಡಿಸು. ಈ ಐದನ್ನು ಸೇರಿಸಿ ಒತ್ತು ಕೆಳಗೆ, ಗುಡಿಸು ಮೇಲೆ ಕೂರಿಸೋ ಕೆಲಸಕ್ಕೆ ಶೇಪಿಂಗ್ ಅಂತಾರೆ. ಅದನ್ನು ಮಾಡೋ ಹಾರ್ಫ್‌ಬಜ್ ಅನ್ನೋ ಲೈಬ್ರರಿ ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲದರಲ್ಲೂ ಇದೆ. ಹಾಗಾಗಿ ಅದರ ಹೆಸರು ಕೇಳದೇ ಇಷ್ಟು ವರ್ಷ ಕನ್ನಡ ಓದಿಕೊಂಡು ಬಂದಿದ್ದೀವಿ. ಗೋಡೋ 3ರಲ್ಲಿ ಈ ಶೇಪಿಂಗ್ ಇರಲಿಲ್ಲ. 2023ರ ಮಾರ್ಚ್‌ನಲ್ಲಿ ಬಂದ ಗೋಡೋ 4ರಲ್ಲಿ ಇತ್ತು. ಒಂದು ಒತ್ತಕ್ಷರಕ್ಕೋಸ್ಕರ ಇಡೀ ಪ್ರಾಜೆಕ್ಟನ್ನು 3ರಿಂದ 4ಕ್ಕೆ ಸಾಗಿಸಿದೆವು. ಅರ್ಧ ಫಂಕ್ಷನ್‌ಗಳ ಹೆಸರೇ ಬದಲಾಗಿತ್ತು, ಯೀಲ್ಡ್ ಹೋಗಿ ಅವೇಟ್ ಬಂದಿತ್ತು. ನಾಲ್ಕು ರಾತ್ರಿ. ಐದನೇ ದಿನ ಬೆಳಿಗ್ಗೆ ಸ್ಕ್ರೀನ್ ಮೇಲೆ “ಅಜ್ಜಿ” ಸರಿಯಾಗಿ ಬಂದಾಗ ಅದನ್ನೇ ನೋಡ್ತಾ ಕೂತಿದ್ದೆವು, ಏಟು ಗಂಟೆ ಕ್ಲಾಸಿಗೆ ಹೋಗಲಿಲ್ಲ.

ಅಕ್ಷರವೇನೋ ಬಂತು, ಪದ ಬರಬೇಕಲ್ಲ? ರೋಲ್ ಅನ್ನೋದಕ್ಕೆ ಟ್ರಾನ್ಸ್‌ಲೇಟರ್ ಕೇಳಿ “ಉರುಳಿಸಿ” ಅಂತ ಹಾಕಿದ್ದೆವು. ಎಕ್ಸಿಟ್‌ಗೆ “ನಿರ್ಗಮನ”.

“ಕವಡೆ ಯಾರಾದ್ರೂ ಉರುಳಿಸ್ತಾರೇನ್ರೋ? ಹಾಕು ಅನ್ನಿ. ಇದೇನಿದು ನಿರ್ಗಮನ, ಬಸ್ ಸ್ಟ್ಯಾಂಡಾ?”

“ಮತ್ತೆ ಏನ್ ಹಾಕೋಣ ಅಜ್ಜಿ?”

“ಆಡಿ ಮುಗೀತು ಅಂದ್ರೆ ಏನಂತೀರಾ? ಸಾಕು ಅಂತೀರಾ ತಾನೆ?”

ಈಗ ನಮ್ಮ ಗೇಮಿನಲ್ಲಿ ಮೂರೇ ಬಟನ್: ಹಾಕು, ಇನ್ನೊಂದಾಟ, ಸಾಕು. “ಕಾಯಿ ಹನ್ನಾಯ್ತು” ಅಂತ ಬರೆದಿದ್ದನ್ನು ಓದಿ ಅಜ್ಜಿ ನಕ್ಕಿದ್ದು ಮಾತ್ರ ಇಲ್ಲಿ ವಿವರಿಸಲ್ಲ. ಅವರು ಓದಿರೋದು ನಾಲ್ಕನೇ ಕ್ಲಾಸ್. ನಾವು ಕನ್ನಡದಲ್ಲಿ ಒಳ್ಳೇ ಮಾರ್ಕ್ಸ್ ತೆಗೆದವರು.

ಇಷ್ಟಾದರೂ ಅಜ್ಜಿಗೆ ಸಮಾಧಾನ ಇಲ್ಲ. “ಯಾಕೋ ಬಾರ ಬಹಳ ಬೀಳತ್ತೆ, ಆಟ ಬೇಗ ಮುಗಿದುಹೋಗತ್ತೆ.” ಕೋಡ್ ತೆಗೆದು ನೋಡಿದೆವು. 1, 2, 3, 4, 8, ಈ ಐದರಲ್ಲಿ ಯಾವುದೋ ಒಂದನ್ನು ಆರಿಸು ಅಂತ ಬರೆದಿತ್ತು. ಅಂದರೆ ಎಂಟು ಬೀಳೋ ಚಾನ್ಸ್ ಐದರಲ್ಲಿ ಒಂದು. ನಿಜವಾದ ನಾಲ್ಕು ಕವಡೆ, ಎರಡೂ ಕಡೆ ಸಮ ಅಂತ ಇಟ್ಟುಕೊಂಡರೂ, ಒಟ್ಟು 16 ಥರ ಬೀಳಬಹುದು. ಅದರಲ್ಲಿ ನಾಲ್ಕೂ ಬೋರಲಾಗೋದು ಒಂದೇ ಥರ. ನಮ್ಮ ಗೇಮ್ ಮೂರು ಪಟ್ಟಿಗಿಂತ ಹೆಚ್ಚು ಬಾರ ಹಂಚ್ತಾ ಇತ್ತು. ಅಜ್ಜಿ ಬೈನಾಮಿಯಲ್ ಡಿಸ್ಟ್ರಿಬ್ಯೂಷನ್ ಓದಿಲ್ಲ, ಅರವತ್ತು ವರ್ಷ ಕವಡೆ ಹಾಕಿದ್ದಾರೆ ಅಷ್ಟೇ. ಒಂದೊಂದು ಕವಡೆಯನ್ನೂ ಬೇರೆ ಬೇರೆ ಹಾಕಿ ಕೂಡಿಸೋ ಹಾಗೆ ಕೋಡ್ ಬದಲಾಯಿಸಿದೆವು. (ಆ ಸೆಮ್‌ನ ಮ್ಯಾಥ್ಸ್‌ನಲ್ಲಿ ನಮ್ಮಲ್ಲೊಬ್ಬ ಫೇಲ್. ಕಾರಣ ಈ ಗೇಮೇ. ಮನೆಯಲ್ಲಿ ಲ್ಯಾಪ್‌ಟಾಪ್ ಕಿತ್ತುಕೊಳ್ಳೋವರೆಗೂ ಹೋಯ್ತು. ಬೈನಾಮಿಯಲ್ ಪ್ರಶ್ನೆ ಮಾತ್ರ ಪೂರ್ತಿ ಸರಿ ಇತ್ತು ಅಂತ ಈಗಲೂ ಸಾಧಿಸ್ತಾನೆ.)

ಆದರೆ ಅಷ್ಟು ಹೊತ್ತಿಗೆ ಅಜ್ಜಿಗೆ ಫೋನಿನ ಕವಡೆ ಮೇಲೆ ನಂಬಿಕೆಯೇ ಹೋಗಿತ್ತು. ಮೂರು ವಾರ ಬ್ಲೆಂಡರ್‌ನಲ್ಲಿ ಕೂತು ಕವಡೆಯ ತ್ರೀಡಿ ಮಾಡೆಲ್ ಮಾಡಿ, ಅದು ಕುಣಿದು ಬೀಳೋ ಹಾಗೆ ಮಾಡಿದೆವು. “ಚೆನ್ನಾಗಿದೆ” ಅಂದರು. ಆಡಲಿಲ್ಲ. ಮತ್ತೊಂದು ರಜಕ್ಕೆ ಹೋದಾಗ ಮೆಲ್ಲಗೆ ಹೇಳಿದರು: “ನಂಗೆ ಮಿಷನ್ ಜೊತೆ ಆಡೋಕೆ ಬೇಜಾರು ಕಣೋ. ಅದಕ್ಕೆ ಕಾಯಿ ಕಡಿದ್ರೂ ಕೋಪ ಬರಲ್ಲ.”

ಪುಣೆಯ ಅಜ್ಜಿ ಜೊತೆ ಆಡಿಸಬೇಕು ಅಂದರೆ ಆನ್‌ಲೈನ್ ಮಾಡಬೇಕು, ಸರ್ವರ್ ಬೇಕು, ಊರಲ್ಲಿ ನೆಟ್‌ವರ್ಕ್ ಮಳೆ ಬಂದರೆ ಹೋಗತ್ತೆ. ಒಬ್ಬ ಹೇಳಿದ, ಯಾವುದೂ ಬೇಡ, ಇಬ್ಬರ ಫೋನಿಗೂ ಗೇಮ್ ಹಾಕೋಣ, ನಿಜವಾದ ಕವಡೆ ಅವರೇ ಹಾಕ್ಕೊಳ್ಳಲಿ, ಬಿದ್ದ ನಂಬರ್ ಒತ್ತೋ ಬಟನ್ ಕೊಟ್ಟರೆ ಸಾಕು ಅಂತ. ಇನ್ನೊಬ್ಬನಿಗೆ ಉರಿದುಹೋಯ್ತು. ಮೂರು ವಾರದ ಕವಡೆ ಅವನದ್ದು. “ಹಾಗಾದ್ರೆ ಇದು ಗೇಮ್ ಅಲ್ಲ ಮಗಾ, ಬರೀ ಮಣೆ” ಅಂದ. ಒಂದೇ ರೂಮಿನಲ್ಲಿ ಎರಡು ದಿನ ಮಾತಿಲ್ಲ. ಚಾರ್ಜರ್ ಬೇಕಾದರೂ ಪಕ್ಕದ ರೂಮಿನವರ ಮೂಲಕ ಕೇಳಿದ್ದು.

ಮೂರನೇ ದಿನ ಕವಡೆ ಡಿಲೀಟ್ ಮಾಡಿದ್ದು ಅವನೇ.

ಪುಣೆಯಲ್ಲಿ ಆ ಅಜ್ಜಿಯ ಅಳಿಯ, ವಾಟ್ಸಾಪ್‌ನಲ್ಲಿ ಬಂದ ಎಪಿಕೆ ವೈರಸ್ ಇರಬಹುದು ಅಂತ ಒಂದು ವಾರ ತಡೆದರು, ತಪ್ಪಿಲ್ಲ ಬಿಡಿ. ಆಮೇಲೆ ಶುರುವಾಯ್ತು. ಸಂಜೆ ಐದೂವರೆಗೆ ಮನೆಯ ಇನ್ನೊಂದು ಫೋನಿನಿಂದ ಕಾಲ್ ಮಾಡಿ ಸ್ಪೀಕರ್ ಹಾಕ್ಕೋತಾರೆ. ಇಲ್ಲಿ ಅಜ್ಜಿ ಮಂಚದ ಮೇಲೆ ಊಟದ ತಟ್ಟೆ ಇಟ್ಟುಕೊಂಡು ಅದರಲ್ಲಿ ಕವಡೆ ಹಾಕ್ತಾರೆ. “ಮೂರು ಬಿತ್ತು ಕಣೇ, ನನ್ನ ಮೂರನೇ ಕಾಯಿ ನಡಿಸು” ಅಂತಾರೆ, ಇಬ್ಬರೂ ಅವರವರ ಫೋನಿನಲ್ಲಿ ಒತ್ತಿಕೊಳ್ತಾರೆ. ಕಾಯಿ ಕಡಿದಾಗ ಅಲ್ಲಿಂದ ಬರೋ ಬೈಗುಳ ಅಡುಗೆಮನೆವರೆಗೂ ಕೇಳತ್ತಂತೆ. ಇಚ್ ಡಾಟ್ ಐಓದಲ್ಲೂ ಗೇಮ್ ಹಾಕಿದ್ದೀವಿ. ಅಲ್ಲಿ ಡೌನ್‌ಲೋಡ್ ಆಗಿರೋದು ಎರಡು, ಎರಡೂ ನಾವೇ.

ಹೋದ ತಿಂಗಳು ಗೇಮ್ ಮಧ್ಯದಲ್ಲಿ ನಿಂತುಹೋಗ್ತಿದೆ ಅಂತ ಅಜ್ಜಿ ಹೇಳಿದ್ದಕ್ಕೆ ಅವರ ಫೋನಿನ ಲಾಗ್ ತೆಗೆದು ನೋಡಿದೆವು. ಬಗ್ ಸಿಕ್ಕಿತು, ಸರಿ ಮಾಡಿದೆವು. ಲಾಗ್‌ನಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನೋದೂ ಇರತ್ತೆ. 16ರಲ್ಲಿ ಒಂದು ಸಲ ಬೀಳಬೇಕಾದ ಬಾರ ಅಜ್ಜಿಗೆ ಅದಕ್ಕಿಂತ ಬಹಳ, ಬಹಳ ಹೆಚ್ಚು ಬೀಳ್ತಿದೆ. ಕವಡೆ ಎರಡೂ ಕಡೆ ಸಮ ಇರಲ್ಲ, ನಿಜ. ಆದರೆ ಕಾಯಿ ಹಣ್ಣಾಗೋಕೆ ಸರಿಯಾಗಿ ಎಂಟು ಬೇಕಾದಾಗಲೇ ಯಾಕೆ ಬೀಳತ್ತೆ?

ಪುಣೆಯ ಕಡೆಯ ಲೆಕ್ಕವನ್ನೂ ನೋಡಿದೆವು. ಅಲ್ಲೂ ಏನೂ ಕಮ್ಮಿ ಇಲ್ಲ. ಲಾಗ್ ಫೈಲ್ ಡಿಲೀಟ್ ಮಾಡಿ ಫೋನ್ ವಾಪಸ್ ಕೊಟ್ಟೆವು.